ವೆನಿಸ್ ನಗರದ ಟೈಲೆಂಡು

ಪೂರ್ವ ಯಾವುದು, ಪಶ್ಚಿಮ ಯಾವುದು ಎಂಬುದು ನನಗೆ ಜೀವನದಲ್ಲಿ ಒಮ್ಮೆ ಮಾತ್ರ ಖಚಿತವಾಗಿ ಗೊತ್ತಿತ್ತು. ಅದು ನನ್ನ ಮದುವೆಯ ದಿನ. ಪುರೋಹಿತರು ಭುಜ ಹಿಡಿದು ಪೂರ್ವಕ್ಕೆ ತಿರುಗಿಸಿ ಕೂರಿಸಿದ್ದರು. ಆಮೇಲೆ ನಾನು ನಾಲೆಯ ಕೆಲಸಕ್ಕೆ ಇಂಜಿನಿಯರ್ ಆಗಿ ಸೇರಿದೆ. ನಾಲೆಯವರಿಗೆ ದಿಕ್ಕು ಎರಡೇ: ನೀರು ಬರುವ ಕಡೆ, ನೀರು ಹೋಗುವ ಕಡೆ. ನೀರು ಬರುವ ಕಡೆಗೆ ನಡೆದರೆ ತೂಬು ಸಿಗುತ್ತದೆ, ತೂಬಿನ ಪಕ್ಕ ರಸ್ತೆ, ರಸ್ತೆಗೆ ಬಂದರೆ ಬಸ್ಸು, ಬಸ್ಸು ಹತ್ತಿದರೆ ಮನೆ. ಇಷ್ಟು ತಿಳಿದವನು ಪಾಂಡವಪುರದಿಂದ ನಾಗಮಂಗಲದ ಗಡಿಯವರೆಗೆ ಯಾವ ಬಯಲಿನಲ್ಲಿ ಬಿಟ್ಟರೂ ಕಳೆದುಹೋಗುವುದಿಲ್ಲ. ಅಭ್ಯಾಸ ಎಷ್ಟು ಬೇರೂರಿದೆಯೆಂದರೆ, ಅಡುಗೆಮನೆಯಲ್ಲಿ ಸಾಸಿವೆ ಡಬ್ಬ ಎಲ್ಲಿಟ್ಟಿರಿ ಎಂದು ಹೆಂಡತಿ ಕೇಳಿದರೆ "ನಲ್ಲಿಯಿಂದ ಮೇಲುಗಡೆಗೆ ಮೂರನೆಯದು" ಎನ್ನುತ್ತೇನೆ. ನಿಮ್ಮನ್ನು ಒಂದು ಸಲ ನೀರಿಲ್ಲದ ಊರಿಗೆ ಬಿಟ್ಟುಬರಬೇಕು, ಆಗ ಗೊತ್ತಾಗುತ್ತೆ ಎಂದು ಅವಳು ಗೊಣಗುತ್ತಾಳೆ. ಆದರೆ ನಾನು ದಾರಿ ತಪ್ಪಿದ್ದು ಬೀದಿಗೊಂದು ನಾಲೆ ಇರುವ ಊರಿನಲ್ಲಿ.

ತೊಂಬತ್ತರ ದಶಕದ ನಡುವಿನ ಮಾತು. ಆಗ ನನ್ನ ವ್ಯಾಪ್ತಿಗೆ ಒಂದು ಉಪನಾಲೆ ಇತ್ತು. ಅದರ ಹೆಸರು ಹೇಳುವುದಿಲ್ಲ, ಈಗ ಅಲ್ಲಿರುವವರು ಒಳ್ಳೆಯವರು. ಅದರ ಕೊನೆಯ ತುದಿಯಲ್ಲಿ, ಶೀಳನೆರೆ ಕಡೆಯ ಒಂದು ಸಣ್ಣ ಕೊಪ್ಪಲಿನಲ್ಲಿ, ಜವರೇಗೌಡ ಎಂಬ ರೈತರಿದ್ದರು. ನಾಲೆಯ ಕೊನೆಭಾಗವನ್ನು ನಮ್ಮ ಕಡೆ ಎಲ್ಲರೂ ಟೈಲೆಂಡು ಎನ್ನುತ್ತಾರೆ. ಟೈಲೆಂಡಿಗೆ ನೀರು ಬರುವುದಿಲ್ಲ, ಒಮ್ಮೆ ಬಂದು ಕಣ್ಣಾರೆ ನೋಡಿ ಎಂದು ಜವರೇಗೌಡರು ನನಗೆ ಬರೆದ ಅರ್ಜಿಗಳನ್ನು ಪೇರಿಸಿದರೆ ಒಂದು ಚಿಕ್ಕ ಏರಿಯೇ ಆಗುತ್ತಿತ್ತು. ನಮ್ಮ ಕಚೇರಿಯಿಂದ ಅವರ ಗದ್ದೆಗೆ ಹದಿನೆಂಟು ಕಿಲೋಮೀಟರು. ನಾನು ಹೋಗಬಾರದೆಂದು ಹಟ ಹಿಡಿದವನೇನಲ್ಲ. ಆದರೆ ಹನ್ನೆರಡನೆಯ ಕಿಲೋಮೀಟರಿನಲ್ಲಿ ಒಂದು ಟೀ ಅಂಗಡಿ, ಅಲ್ಲಿ ಬಿಸಿ ಉದ್ದಿನವಡೆ. ವಡೆ ತಿಂದು ಎದ್ದ ಮೇಲೆ ನಮ್ಮ ಜೀಪು ತಾನೇ ತಾನಾಗಿ ಪಾಂಡವಪುರದ ಕಡೆ ಮುಖ ಮಾಡುತ್ತಿತ್ತು. ನೀರು ಬಿಡುವ ನೀರುಗಂಟಿ ಅಂಗಡಿಗೇ ಬಂದು "ಟೈಲೆಂಡ್ ಗಂಟ ನೀರು ಓಗ್ಯದೆ ಸಾ" ಎನ್ನುತ್ತಿದ್ದ. ನಾನು ರಿಜಿಸ್ಟರಿನಲ್ಲಿ ಹಾಗೇ ಬರೆಯುತ್ತಿದ್ದೆ. ಹೀಗೆ ಏಳು ವರ್ಷ ಕಳೆದಿತ್ತು.

ಅಷ್ಟರಲ್ಲಿ ಇಟಲಿಯಲ್ಲಿ ನೀರಾವರಿ ತರಬೇತಿಗೆ ಕರೆ ಬಂತು. ಒಬ್ಬ ಇಂಜಿನಿಯರ್ ಜೊತೆ ಒಬ್ಬ ರೈತ ಪ್ರತಿನಿಧಿಯೂ ಬರಬೇಕೆಂದು ಷರತ್ತು. ನಮ್ಮ ಸಾಹೇಬರು ಬುದ್ಧಿವಂತರು. ಜವರೇಗೌಡರ ಹೆಸರನ್ನೇ ಬರೆದರು. "ವಿಮಾನ ಹತ್ತಿಸಿಬಿಡಿ, ಬಂದ ಮೇಲೆ ಅರ್ಜಿ ನಿಲ್ಲಿಸುತ್ತಾನೆ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಹೀಗೆ ಏಳು ವರ್ಷ ಯಾರಿಗೆ ಮುಖ ಕೊಡದೆ ತಪ್ಪಿಸಿಕೊಂಡು ತಿರುಗಿದ್ದೆನೋ ಅವರೊಡನೆ ಹದಿನೈದು ದಿನ ಒಂದೇ ಕೋಣೆಯಲ್ಲಿ ಮಲಗುವ ಯೋಗ ನನಗೆ ಒದಗಿತು. ಅವರು ನೀರಿನ ಮಾತೇ ಎತ್ತಲಿಲ್ಲ. ಬೆಳಿಗ್ಗೆ ಎದ್ದು ನನ್ನ ಹಾಸಿಗೆಯನ್ನೂ ಮಡಚಿ, ಊರಿನಿಂದ ತಂದ ನಿಪ್ಪಟ್ಟು ಎದುರಿಗಿಟ್ಟು "ತಿನ್ನಿ ಸಾ, ಇಲ್ಲಿ ಊಟ ನಿಮ್ಗೂ ಸೇರ್ತಾ ಇಲ್ಲ" ಎನ್ನುತ್ತಿದ್ದರು. ಬೈದಿದ್ದರೆ ಎಷ್ಟೋ ಸುಖವಾಗಿರುತ್ತಿತ್ತು.

ತರಬೇತಿಗೆ ಬಿಡುವಿದ್ದ ಒಂದು ಶನಿವಾರ ನಮ್ಮನ್ನೆಲ್ಲ ರೈಲಿನಲ್ಲಿ ವೆನಿಸ್ಸಿಗೆ ಕರೆದೊಯ್ದು ಸಂಜೆಗೆ ವಾಪಸು ತರುವ ಏರ್ಪಾಡಾಯಿತು. ಆರು ದೇಶಗಳ ಹದಿನೆಂಟು ಜನ, ಮುಂದೆ ಮಡಚಿದ ಕೆಂಪು ಛತ್ರಿಯನ್ನು ಎತ್ತಿ ಹಿಡಿದ ಒಬ್ಬ ಗೈಡಮ್ಮ. ಎಲ್ಲರ ಟಿಕೆಟ್ಟೂ ಅವಳ ಚೀಲದಲ್ಲಿ. ವಾಪಸು ರೈಲು ಐದೂ ಹತ್ತಕ್ಕೆ, ಛತ್ರಿಯನ್ನು ಕಣ್ಣಿನಿಂದ ಬಿಡಬೇಡಿ ಎಂದು ಮೂರು ಸಲ ಹೇಳಿದಳು. ಜವರೇಗೌಡರದು ಬಿಳಿ ಪಂಚೆ, ಮೇಲೆ ಉಣ್ಣೆಯ ಸ್ವೆಟರು, ಹೆಗಲಿಗೆ ಟವಲು. ರೈಲು ಕೊನೆಯ ಹಂತದಲ್ಲಿ ನೆಲ ಬಿಟ್ಟು ಉದ್ದನೆಯ ಸೇತುವೆ ಮೇಲೆ, ಎರಡೂ ಕಡೆ ಬರೀ ನೀರಿನ ನಡುವೆ ಓಡಿತು. ಉಳಿದವರೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದರೆ ಗೌಡರು ಮಾತ್ರ ಹಾಯಾಗಿ, "ನಮ್ ಶ್ರೀರಂಗಪಟ್ಣಕ್ಕೂ ಇಂಗೇ ಕಣ್ ಸಾ, ಹೊಳೆ ದಾಟ್ಕಂಡೇ ಒಳೀಕೆ ಓಗ್ಬೇಕು" ಎಂದರು.

ನಿಲ್ದಾಣದ ಬಾಗಿಲು ದಾಟಿದರೆ ಎದುರಿಗೇ ನಾಲೆ. ರಸ್ತೆ ಇರಬೇಕಾದ ಜಾಗದಲ್ಲಿ ಹಸಿರು ನೀರು, ಅದರ ಮೇಲೆ ಬಸ್ಸಿನ ಬದಲು ದೋಣಿ, ಆ ದೋಣಿಗೆ ನಿಲ್ದಾಣ, ನಿಲ್ದಾಣದಲ್ಲಿ ಜನ. ತರಕಾರಿ ದೋಣಿಯಲ್ಲಿ ಬಂತು, ಕಸ ದೋಣಿಯಲ್ಲಿ ಹೋಯಿತು, ಆಸ್ಪತ್ರೆಯ ದೋಣಿಯೊಂದು ಶಿಳ್ಳೆ ಹೊಡೆಯುತ್ತ ಧಾವಿಸಿತು. ಎರಡೂ ದಡದಲ್ಲಿ ಅರಮನೆಯಂಥ ಮನೆಗಳು ನೀರಿನೊಳಗೇ ಕಾಲಿಟ್ಟು ನಿಂತಿದ್ದವು. ನಾನು ಇಪ್ಪತ್ತು ವರ್ಷ ನಾಲೆಯ ಏರಿಯ ಮೇಲೆ ನಡೆದವನು, ನಾಲೆಯೂ ಇಷ್ಟು ಚೆಂದವಿರಬಹುದೆಂದು ಒಂದು ದಿನವೂ ಅಂದುಕೊಂಡಿರಲಿಲ್ಲ. ಜವರೇಗೌಡರು ಬಹಳ ಹೊತ್ತು ನೋಡಿ, "ಇದು ಎಷ್ಟು ಎಕ್ರೆಗೆ ನೀರುಣುಸ್ತದೆ, ಕೇಳಿ ಸಾ" ಎಂದರು. ನಾನು ಕೇಳಿದೆ. ಗೈಡಮ್ಮನ ಹತ್ತಿರ ಆ ನಗರದ ಸಾವಿರ ವರ್ಷದ ಪ್ರತಿಯೊಂದು ಪ್ರಶ್ನೆಗೂ ಉತ್ತರವಿತ್ತು, ಇದೊಂದನ್ನು ಮಾತ್ರ ಅವಳನ್ನು ಯಾರೂ ಕೇಳಿರಲಿಲ್ಲ. ಒಂದು ಎಕರೆಗೂ ಇಲ್ಲ, ಇದು ಉಪ್ಪುನೀರು, ಸಮುದ್ರ ಏರಿದಾಗ ಒಳಗೆ ಬರುತ್ತದೆ, ಇಳಿದಾಗ ಹೊರಗೆ ಹೋಗುತ್ತದೆ, ದಿನಕ್ಕೆ ಎರಡು ಸಲ ಎಂದಳು. ಅದನ್ನು ನಾನು ಗೌಡರಿಗೆ ಸ್ಪಷ್ಟವಾದ ಕನ್ನಡದಲ್ಲಿ ಅನುವಾದಿಸಿದೆ. ಈ ಮಾತು ಓದುಗರ ನೆನಪಿನಲ್ಲಿರಲಿ, ನನ್ನ ನೆನಪಿನಲ್ಲಿ ಉಳಿಯಲಿಲ್ಲ.

ನೀರು ಹೋಗುವ ಕಡೆಗೇ ನಾವೂ ನಡೆಯುತ್ತ ಊರೊಳಗೆ ಹೋದೆವು. ನಾನದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ಚೌಕಗಳ ನಡುವೆ ಕಲ್ಲಿನ ಕಟ್ಟೆಯ ಬಾವಿಗಳಿದ್ದವು. ಸುತ್ತ ನೀರಿದ್ದರೂ ಕುಡಿಯಲು ಒಂದು ಹನಿ ಇರಲಿಲ್ಲ, ಅದಕ್ಕೆ ಹಿಂದಿನವರು ಇಡೀ ಚೌಕವನ್ನೇ ಬಾಣಲೆಯ ಹಾಗೆ ತಗ್ಗಿಸಿ, ಮಳೆನೀರನ್ನು ಮರಳಿನಲ್ಲಿ ಸೋಸಿ ಬಾವಿಗೆ ಇಳಿಸುತ್ತಿದ್ದರು ಎಂದಳು ಗೈಡಮ್ಮ. ಗೌಡರು ಚಪ್ಪಲಿ ಬಿಟ್ಟು ಬಾವಿಕಟ್ಟೆ ಮುಟ್ಟಿದರು. ಹಗ್ಗ ಉಜ್ಜಿ ಉಜ್ಜಿ ಕಲ್ಲಿನ ಅಂಚಿನಲ್ಲಿ ಗೀರು ಬಿದ್ದಿತ್ತು. "ಈ ಗೀರು ಹೆಂಗಸ್ರು ಬಿದ್ದ ಕಷ್ಟ ಸಾ, ನಮ್ಮವ್ವನ ಬಾವೀಲೂ ಇಂಗೇ ಅದೆ" ಎಂದರು. ಆಮೇಲೆ ಹೊಕ್ಕ ದೊಡ್ಡ ಚರ್ಚಿನ ಚಿನ್ನದ ಗೋಡೆಗಳನ್ನೂ ಅವರು ಮನಸಾರೆ ಮೆಚ್ಚಿದರು. ಜನ ಮಾತ್ರ ಚರ್ಚು ಬಿಟ್ಟು ಇವರ ಪಂಚೆಯ ಫೋಟೊ ತೆಗೆಯುತ್ತಿದ್ದರು.

ನಮ್ಮನ್ನು ಕೆಡಿಸಿದ್ದು ಹೂಳು. ವಾಪಸು ಬರುವ ದಾರಿಯಲ್ಲಿ ಒಂದು ಓಣಿಯ ಸಂದಿನಲ್ಲಿ, ಎರಡೂ ಕಡೆ ಹಲಗೆಯ ಅಡ್ಡಗಟ್ಟೆ ಹಾಕಿ ನೀರು ಬಸಿದು ಒಣಗಿಸಿದ ನಾಲೆಯೊಂದು ಕಂಡಿತು. ತಳದಲ್ಲಿ ಮೂವರು ಕೆಲಸಗಾರರು ಕಪ್ಪು ಕೆಸರನ್ನು ಎತ್ತಿ ಎತ್ತಿ ತುಂಬುತ್ತಿದ್ದರು. ಇನ್ನೊಬ್ಬ ಮನೆಯ ಬುಡದ ಇಟ್ಟಿಗೆಗಳನ್ನು ಒಂದೊಂದೇ ತೆಗೆದು ಹೊಸದು ಕೂರಿಸುತ್ತಿದ್ದ, ಹಲ್ಲಿನ ಡಾಕ್ಟರಷ್ಟು ನಿಧಾನವಾಗಿ. ಇಬ್ಬರೂ ಕಂಬಿ ಹಿಡಿದು ನಿಂತುಬಿಟ್ಟೆವು. ಕೆಸರಿನ ಆಳ ನೋಡಿದೆವು, ಅಡ್ಡಗಟ್ಟೆಯ ಬಿಗಿ ನೋಡಿದೆವು. "ನೋಡಿ ಸಾ, ತಳದ ಕಲ್ಲು ಕಾಣೋಗಂಟ ತೆಗೀತಾವ್ರೆ" ಎಂದು ಗೌಡರು ಮೆಲ್ಲಗೆ, ಗರ್ಭಗುಡಿಯ ಮುಂದೆ ಮಾತಾಡುವವರಂತೆ ಹೇಳಿದರು. ನಾವು ತಲೆ ಎತ್ತಿದಾಗ ಕೆಂಪು ಛತ್ರಿ ಎಲ್ಲೂ ಇರಲಿಲ್ಲ. ಗಂಟೆ ನಾಲ್ಕು ದಾಟಿತ್ತು.

"ಎಂಗೆ ಸಾ ಈಗ?" ಎಂದರು ಗೌಡರು. ನನಗೆ ಒಳಗೊಳಗೇ ಖುಷಿಯಾಯಿತು. ಏಳು ವರ್ಷದಲ್ಲಿ ಮೊದಲ ಸಲ ಅವರ ಪ್ರಶ್ನೆಗೆ ನನ್ನ ಬಳಿ ಉತ್ತರವಿತ್ತು. "ಬೆಳಿಗ್ಗೆ ಸ್ಟೇಷನ್ನಿನಿಂದ ನೀರಿನ ಜೊತೆಗೇ ಬಂದೆವು. ಈಗ ನೀರಿಗೆ ಎದುರು ನಡೆದರೆ ಸ್ಟೇಷನ್ನು, ಅಷ್ಟೇ" ಎಂದೆ. ಅವರು ನೀರನ್ನು ನೋಡಿದರು, ನನ್ನನ್ನು ನೋಡಿದರು, ಏನೋ ಹೇಳಲು ಬಾಯಿ ತೆರೆದು ಸುಮ್ಮನಾದರು. ನಾನು ಮುಂದೆ, ಅವರು ಹಿಂದೆ. ಸೇತುವೆ ಹತ್ತಿ ಇಳಿದು, ಓಣಿ ಹೊಕ್ಕು ಹೊರಟು, ಪ್ರತಿ ತಿರುವಿನಲ್ಲೂ ನೀರು ಯಾವ ಕಡೆಯಿಂದ ಬರುತ್ತಿದೆ ಎಂದು ನೋಡಿಕೊಂಡು ಗತ್ತಿನಿಂದ ನಡೆದೆ. ಅಂಗಡಿಗಳು ಕಡಿಮೆಯಾದವು. ಪ್ರವಾಸಿಗರು ಇಲ್ಲವಾದರು. ನಾಲೆಯ ಮೇಲೆ ಈ ಮನೆಯಿಂದ ಆ ಮನೆಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು. ಕೊನೆಗೆ ಓಣಿ ಮುಗಿಯಿತು, ಊರೂ ಮುಗಿಯಿತು. ಎದುರಿಗೆ ಬಯಲಿನಂತೆ ಹರಡಿದ ನೀರು. ಐದಕ್ಕೆ ಐದು ನಿಮಿಷ.

ನೀರಿಗೆ ಇಳಿಯುವ ಮೆಟ್ಟಿಲ ಮೇಲೆ ಕುಳಿತೆ. ಗೌಡರು ಪಕ್ಕದಲ್ಲಿ ಕುಳಿತು ಸಮಾಧಾನವಾಗಿ ಹೇಳಿದರು: "ನೀರು ತಿರುಗ್ಕಂಡದೆ ಸಾ. ಬೆಳಿಗ್ಗೆ ಪಾಚಿ ಮೆಟ್ಲು ಮೂರು ಕಾಣ್ತಿದ್ವು, ಈಗ ಒಂದೂ ಇಲ್ಲ. ನೀವೇ ಏಳಿದ್ರಲ್ಲ, ಒಳೀಕೂ ಬತ್ತದೆ, ಹೊರೀಕೂ ಓಯ್ತದೆ ಅಂತ."

"ಮತ್ತೆ ಆಗಲೇ ಯಾಕೆ ಹೇಳಲಿಲ್ಲ?" ಎಂದು ನಾನು ಸಿಡುಕಿದೆ.

"ಇಂಜಿನಿಯರ್ರು ನೀವು. ಟೈಲೆಂಡಿನೋರು ಏನಾರ ಏಳುದ್ರೆ ನೀವೆಲ್ಲಿ ಕೇಳೀರಿ ಅಂತ ಸುಮ್ಕಾದೆ."

ಅದರಲ್ಲಿ ಕಹಿ ಇರಲಿಲ್ಲ, ಇಬ್ಬನಿ ಬಿದ್ದಿದೆ ಎಂದು ಹೇಳುವಷ್ಟೇ ಸಹಜವಾಗಿ ಹೇಳಿದರು. ಆಮೇಲೆ ಮೆಟ್ಟಿಲ ಅಂಚಿನವರೆಗೆ ತುಂಬಿ ತುಳುಕುತ್ತಿದ್ದ ನೀರಿಗೆ ಕೈ ಅದ್ದಿ, "ಇದೇ ಇವ್ರ ಟೈಲೆಂಡು ಅಲ್ವಾ ಸಾ? ನೋಡಿ, ಅರಮನೆ ಮುಂದೆ ಎಷ್ಟಿತ್ತೋ ಬಡವ್ರ ಬಾಗ್ಲಲ್ಲೂ ಅಷ್ಟೇ ಅದೆ" ಎಂದರು. ಅವರ ಮುಖದಲ್ಲಿ ಆಗ ಕಂಡ ಸಂತೋಷ ಚಿನ್ನದ ಚರ್ಚಿನಲ್ಲೂ ಕಂಡಿರಲಿಲ್ಲ. ನನಗೆ ನಾಚಿಕೆಯಾಯಿತು. ಒಂದು ನಾಲೆಯ ಕೊನೆಭಾಗವನ್ನು ನಾನು ನಿಂತು ನೋಡಿದ್ದು ಅದೇ ಮೊದಲು.

ಬಟ್ಟೆ ಎತ್ತಿಕೊಳ್ಳುತ್ತಿದ್ದ ಮುದುಕಿಯೊಬ್ಬಳು ಕಿಟಕಿಯಿಂದ ನಮ್ಮನ್ನು ನೋಡುತ್ತಿದ್ದಳು. ನಾನು ನನ್ನ ಅತ್ಯುತ್ತಮ ಇಂಗ್ಲಿಷಿನಲ್ಲಿ ದಾರಿ ಕೇಳಿದೆ, ಅವಳು ಅರ್ಥವಾಗದೆ ತಲೆಯಾಡಿಸಿದಳು. ಗೌಡರು ಎದ್ದು, "ಅವ್ವಾ, ರೈಲು ಕಣವ್ವ, ರೈಲು! ಕೂ... ಚುಕುಬುಕು ಚುಕುಬುಕು!" ಎಂದು ಎರಡೂ ಕೈ ತಿರುಗಿಸಿದರು. ಮುದುಕಿ ನಕ್ಕು ಕೆಳಗಿಳಿದು ಬಂದಳು, ಗೌಡರ ಸ್ವೆಟರಿನ ತೋಳು ಹಿಡಿದು ದೋಣಿ ನಿಲ್ದಾಣಕ್ಕೆ ಎಳೆದೊಯ್ದಳು, ದೋಣಿಯವನಿಗೆ ಗದರಿ ನಮ್ಮನ್ನು ಹತ್ತಿಸಿದಳು. ಗೌಡರು ಕೈ ಮುಗಿದರು. ಅವಳೂ ಮುಗಿದಳು.

ಸ್ಟೇಷನ್ ತಲುಪಿದಾಗ ಐದೂ ಹತ್ತರ ರೈಲು ಹೋಗಿ ಅರ್ಧ ಗಂಟೆಯಾಗಿತ್ತು. ಆದರೆ ಮೆಟ್ಟಿಲ ಮೇಲೆ ಕೆಂಪು ಛತ್ರಿ ನಿಂತಿತ್ತು. ಗುಂಪನ್ನು ರೈಲು ಹತ್ತಿಸಿ, ನಮ್ಮಿಬ್ಬರಿಗಾಗಿ ಗೈಡಮ್ಮ ಒಬ್ಬಳೇ ಉಳಿದುಕೊಂಡಿದ್ದಳು. ಬೈಯಲಿಲ್ಲ, ಸುಸ್ತಾಯಿತೇ ಎಂದು ಕೇಳಿದಳು. ಆಮೇಲೆ, ನಿಮ್ಮಲ್ಲಿ ದಾರಿ ತಪ್ಪಿದ್ದು ಯಾರು ಎಂದು ನಗುತ್ತ ವಿಚಾರಿಸಿದಳು. ನಾನು ಗೌಡರಿಗೆ ಅನುವಾದಿಸಿದೆ. ಅವರು ತಟ್ಟನೆ, "ನಾನೇ ತಪ್ಪಿಸ್ಕಂಡೆ, ನೀವು ಹುಡಿಕ್ಕಂಡು ಬಂದ್ರಿ ಅಂತ ಏಳ್ಬುಡಿ ಸಾ. ಆಪೀಸರ್ರ ಮರ್ವಾದೆ ಓಗಬಾರ್ದು" ಎಂದರು. ನಾನು ನಿಷ್ಠಾವಂತ ಅನುವಾದಕ. ಅಕ್ಷರ ಬಿಡದೆ ಹಾಗೆಯೇ ಅನುವಾದಿಸಿದೆ.

ರೈಲಿನಲ್ಲಿ ಕುಳಿತ ಮೇಲೆ ಆ ಅನುವಾದ ನನ್ನನ್ನು ಕೊರೆಯತೊಡಗಿತು. ತಡೆಯಲಾರದೆ, "ಗೌಡ್ರೇ, ಊರಿಗೆ ಹೋದ ವಾರದಲ್ಲೇ ನಿಮ್ಮ ಟೈಲೆಂಡಿಗೆ ಬರ್ತೀನಿ" ಎಂದೆ.

"ಬನ್ನಿ ಸಾ. ಆದ್ರೆ ನಾನೇ ಬಂದು ಕರ್ಕಂಡು ಓಯ್ತೀನಿ" ಎಂದರು. "ನಮ್ ಕಡೆ ನೀರು ನೋಡ್ಕಂಡು ದಾರಿ ಹಿಡಿಯಾಕಾಗಲ್ಲ."

ಹೋದೆ. ಟೀ ಅಂಗಡಿಯಲ್ಲಿ ಜೀಪು ಅಭ್ಯಾಸಬಲದಿಂದ ನಿಧಾನವಾಯಿತು. ಗೌಡರು ಪಕ್ಕದಲ್ಲಿದ್ದುದರಿಂದ ಮುಂದೆ ಹೋಯಿತು. ಹದಿನೈದನೆಯ ಕಿಲೋಮೀಟರಿಗೆ ನಾಲೆಯಲ್ಲಿ ನೀರು ಮುಗಿಯಿತು. ಹದಿನೆಂಟಕ್ಕೆ ನಾಲೆಯೇ ಮುಗಿದಿತ್ತು. ನೀರು ಬರುವ ಭಯವಿಲ್ಲದ್ದರಿಂದ ಊರವರು ನಾಲೆಯೊಳಗೇ ಹುಲ್ಲಿನ ಮೆದೆ ಒಟ್ಟಿದ್ದರು, ಪಕ್ಕದಲ್ಲಿ ಎರಡು ಕರುಗಳನ್ನು ಕಟ್ಟಿದ್ದರು. ಆ ಮೆದೆಯನ್ನು ಅಲ್ಲಿಂದ ಎಬ್ಬಿಸುವಷ್ಟು ನೀರು ತರಲು ನನಗೆ ಮುಂದೆ ಎರಡು ಬೇಸಾಯದ ಕಾಲ ಹಿಡಿಯಿತು. ಅಂದು ಮಾತ್ರ ಟೋಪಿ ಕೈಯಲ್ಲಿ ಹಿಡಿದು ಆ ಮೆದೆಯ ಮುಂದೆ ನಿಂತಿದ್ದೆ. ಜವರೇಗೌಡರ ತಾಯಿ, ಬೆನ್ನು ಬಾಗಿದ ಅಜ್ಜಿ, ಕೋಲೂರಿಕೊಂಡು ಬಂದು ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿ, "ಯಾರ್ಲಾ ಇದು?" ಎಂದರು.

"ನಮ್ ನಾಲೆ ಇಂಜಿನಿಯರ್ರು ಕಣವ್ವ. ಇಟಲಿಯಿಂದ ಬಂದವ್ರೆ" ಎಂದರು ಗೌಡರು.

"ಅಯ್ಯೋ ಸಿವ್ನೇ, ಅಷ್ಟು ದೂರದಿಂದ್ಲಾ! ಅದ್ಕೇ ಬರಾಕೆ ಇಷ್ಟು ವರ್ಸ ಆಗ್ಯದೆ ಪಾಪ" ಎಂದು ಅಜ್ಜಿ ಮರುಗಿದರು. "ಮೊದ್ಲು ಕುಡಿಯಾಕೆ ನೀರು ಕೊಡು ಕಣ್ಲಾ."

ಅವರು ಚುಚ್ಚಿ ಆಡಿದ ಮಾತಲ್ಲ, ನಿಜವಾಗಿಯೂ ನಂಬಿದ್ದರು. ಹದಿನೆಂಟೇ ಕಿಲೋಮೀಟರು ಎಂದು ತಿದ್ದುವ ಧೈರ್ಯ ನನಗಾಗಲಿಲ್ಲ. ಎಲ್ಲಿಂದಲೋ ಹೊತ್ತು ತಂದಿದ್ದ ನೀರಿನ ಚೊಂಬನ್ನು ಎತ್ತಿ, ಬಹು ದೂರದಿಂದ ಬಂದವನ ಹಾಗೆ ಕುಡಿದೆ.