ಕಂದಬಲ ಪುಡಿಯ ಯಾಲಕ್ಕಿ ಪರಿಮಳ ಕುರಿತು

ಆಳಂದ, ಜನವರಿ 1987

ಕಂದಬಲ ಪೌಷ್ಟಿಕ ಪುಡಿಯ ಕಾರ್ಖಾನೆಯ ಮಾಲೀಕರೂ, ಮೂರು ತಾಲೂಕುಗಳ ಕೂಸುಗಳ ಹೊಟ್ಟೆಯ ಹಿತಚಿಂತಕರೂ ಆದ ಶ್ರೀ ದೌಲತರಾಯ ಸಾಹುಕಾರರಿಗೆ, ತಮ್ಮಲ್ಲಿ ನಾಲ್ಕು ವರ್ಷ ಗುಣಮಟ್ಟ ಪರೀಕ್ಷಕಿಯಾಗಿದ್ದು ಈಗ ಮನೆಯಲ್ಲಿ ಕುಳಿತಿರುವ ಗುರುಬಾಯಿಯ ಶರಣು ಶರಣಾರ್ಥಿಗಳು.

ಮಾನ್ಯರೇ,

ತಾವು ದಯಪಾಲಿಸಿದ ವಜಾ ಪತ್ರ ತಲುಪಿತು. ಅದರ ಕಾಗದ, ಅಚ್ಚು, ಲಕೋಟೆಯ ಅಂಟು ಎಲ್ಲವೂ ಉತ್ತಮ ದರ್ಜೆಯವು. ತಮ್ಮ ಕಾರ್ಖಾನೆಯಿಂದ ಹೊರಬಿದ್ದ ವಸ್ತುವಿನಲ್ಲಿ ಇಂಥ ಗುಣಮಟ್ಟ ಕಂಡು ಬಹಳ ದಿನಗಳಾಗಿದ್ದವು. ಪತ್ರದಲ್ಲಿ "ಕಾರ್ಖಾನೆಯ ಹೆಸರಿಗೆ ಧಕ್ಕೆ ತಂದದ್ದಕ್ಕೆ" ಎಂದಷ್ಟೇ ಇರುವುದರಿಂದ, ನಡೆದದ್ದನ್ನು ಊರಿಗೆಲ್ಲ ತಿಳಿಯುವಂತೆ ಬರೆದು ಆ ಹೆಸರನ್ನು ಇನ್ನಷ್ಟು ಬೆಳಗಿಸುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಖಜೂರಿಯ ತಮ್ಮ ಗೋದಾಮಿನಲ್ಲಿ ಮಳೆಗೆ ನೆನೆದ ಶೇಂಗಾದ ಚೀಲಗಳು ದಸರೆಯ ನಂತರ ಕಾರ್ಖಾನೆಗೆ ಬಂದವು. ಬೀಜ ಆರಿಸಿ ಹುರಿಯುವ ಖಾಸೀಂಬಿ ಒಂದು ಬೊಗಸೆ ತಂದು ನನ್ನ ಮೇಜಿನ ಮೇಲೆ ಸುರಿದಳು; ಬೀಜಕ್ಕೆಲ್ಲ ಹಸಿರು ಬೂಷ್ಟು ಹಿಡಿದಿತ್ತು. "ಅಕ್ಕಾರ, ಕಹಿ ಹತ್ತಾಕತ್ತದ. ಇದು ಕೂಸಿಗಿ ಕುಡಸೂದಲ್ರಿ" ಎಂದಳು. ನಾನು ರಿಜಿಸ್ಟರಿನಲ್ಲಿ "ತಿರಸ್ಕೃತ" ಎಂದು ಬರೆದೆ. ತಾವು ಬಂದು, ಬೀಜವನ್ನು ಮುಟ್ಟದೆ, ಮೂಸದೆ, ಬರೀ ರಿಜಿಸ್ಟರನ್ನು ನೋಡಿಯೇ ರೋಗ ಪತ್ತೆಹಚ್ಚಿದಿರಿ: "ಹುರದ್ರ ಎಲ್ಲಾ ಹೋಗ್ತದ ಗುರುಬಾಯಿ. ಯಾಲಕ್ಕಿ ಒಂದೀಟು ಜಾಸ್ತಿ ಹಾಕ್ರಿ." ದೊಡ್ಡ ಊರುಗಳ ಪಂಡಿತರು ಪ್ರಯೋಗಾಲಯ ಕಟ್ಟಿಕೊಂಡು ಒದ್ದಾಡುವ ಸಮಸ್ಯೆಯನ್ನು ಹಿಡಿ ಯಾಲಕ್ಕಿಯಲ್ಲಿ ಬಗೆಹರಿಸಿದ ತಮ್ಮ ಪ್ರತಿಭೆಗೆ ಆಳಂದ ತಾಲೂಕು ತೀರ ಚಿಕ್ಕದು.

ನನ್ನ ಪ್ರತಿಭೆಯೂ ಕಡಿಮೆಯದೇನಲ್ಲ. ನೌಕರಿ ಹೋದೀತೆಂಬ ಹೆದರಿಕೆಯಲ್ಲಿ ಬರೆದ ಪದವನ್ನು ಹೊಡೆದುಹಾಕಿ, "ಪರೀಕ್ಷಿಸಿದೆ, ಉತ್ತಮ" ಎಂದು ದುಂಡಗೆ ಸಹಿ ಮಾಡಿದೆ. ಖಾಸೀಂಬಿ ಬಾಗಿಲಲ್ಲಿ ನಿಂತು ನೋಡಿದಳು.

ಮರುದಿನ ಮಧ್ಯಾಹ್ನ, ಅದೇ ಶೇಂಗಾ ಹುರಿದು ಬೀಸಿದ, ಅಫಜಲಪುರಕ್ಕೂ ಜೇವರ್ಗಿಗೂ ಹೋಗಬೇಕಿದ್ದ ಪುಡಿ ಹನ್ನೆರಡು ಚೀಲಗಳಲ್ಲಿ ಅಂಗಳದಲ್ಲಿತ್ತು. ಖಾಸೀಂಬಿ ಸ್ಟೋವಿಗೆಂದು ಇಟ್ಟಿದ್ದ ಚಿಮಣಿ ಎಣ್ಣೆಯ ಡಬ್ಬಿ ಎತ್ತಿಕೊಂಡು, ಸಸಿಗಳಿಗೆ ನೀರು ಹಾಕುವವಳಂತೆ ಒಂದೊಂದೇ ಚೀಲದ ಬಾಯಿಗೆ ಸಾವಕಾಶವಾಗಿ ಸುರಿಯುತ್ತ ಹೋದಳು. ತಾವು ಒಂದೇ ಕಾಲಿನ ಚಪ್ಪಲಿಯಲ್ಲಿ ಓಡಿ ಬರುವಷ್ಟರಲ್ಲಿ ಹನ್ನೆರಡೂ ಮುಗಿದಿದ್ದವು. "ಈಗ ಹಾಕ್ರಿ ಯಾಲಕ್ಕಿ, ಸಾವಕಾರ್ರ" ಎಂದಳು. ಜರಡಿ ಹಿಡಿಯುತ್ತಿದ್ದ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಎದ್ದು ನಿಂತರು. ಅವಳಿಗೆ ತಲೆ ಕೆಟ್ಟಿದೆಯೆಂದು ಸಾಕ್ಷಿ ಬರೆದುಕೊಡಲು ತಾವು ನನಗೆ ಹೇಳಿದಿರಿ. ನಾನು ಅದರ ಬದಲು, ಪುಡಿ ತಿನ್ನಲು ಯೋಗ್ಯವಿಲ್ಲವೆಂದೂ, ಹಿಂದಿನ ದಿನ ನಾನು ಸುಳ್ಳು ಸಹಿ ಮಾಡಿದ್ದೆನೆಂದೂ ಬರೆದುಕೊಟ್ಟೆ. ಅವಳನ್ನು ಆಗಲೇ ಗೇಟಿನಾಚೆ ಹಾಕಿದಿರಿ, ನನ್ನನ್ನು ಎಂಟು ದಿನ ಬಿಟ್ಟು.

ಈಗ ನನ್ನ ವಿನಮ್ರ ಕೋರಿಕೆಗಳು. ನಮ್ಮಿಬ್ಬರನ್ನು ವಜಾ ಮಾಡಿದಷ್ಟೇ ಚುರುಕಾಗಿ ಬೂಷ್ಟಿಗೂ ಒಂದು ನೋಟಿಸು ಕೊಟ್ಟು ಕಾರ್ಖಾನೆಯಿಂದ ಹೊರಹಾಕಬೇಕು. ಲಾರಿ ಹೊರಡುವ ಮೊದಲು ತಾವು ಬಾಣಂತಿಯರ ಎದುರು ನಿಂತು, ಯಾಲಕ್ಕಿಯಿಲ್ಲದ ಕಂದಬಲವನ್ನು ತುಂಬಿದ ಬಟ್ಟಲಲ್ಲಿ ಕುಡಿದು ತೋರಿಸಬೇಕು. ಇವೆರಡೂ ಕಷ್ಟವೆನಿಸಿದರೆ, ಒಳ್ಳೆಯ ಶೇಂಗಾ ಕೊಳ್ಳುವ ಸುಲಭದ ಉಪಾಯವನ್ನಾದರೂ ಒಮ್ಮೆ ಪ್ರಯತ್ನಿಸಿ ನೋಡಬೇಕಾಗಿ ಪ್ರಾರ್ಥನೆ.

ಒಂದು ದಿನ ತಡವಾಗಿ ಬುದ್ಧಿ ಬಂದ,
ತಮ್ಮ ವಿಶ್ವಾಸಿ,
ಗುರುಬಾಯಿ

ತಾ.ಕ.: ಖಾಸೀಂಬಿ ಈಗ ಜೇವರ್ಗಿಯ ತಂಗಿಯ ಮನೆಯಲ್ಲಿ ಪುಡಿ ಮಾಡಿ ಮಾರುತ್ತಾಳೆ. ಮೊನ್ನೆ ತಮ್ಮ ಮನೆಯವರಾದ ಗಂಗಾಬಾಯಿಯವರು ಸೊಸೆಯ ಬಾಣಂತನಕ್ಕೆಂದು ಎರಡು ಸೇರು ತರಿಸಿಕೊಂಡರು. ತಮ್ಮ ಕಾರ್ಖಾನೆಯ ಪುಡಿ ತಮ್ಮ ಮನೆಯ ಹೊಸ್ತಿಲು ದಾಟಬಾರದೆಂದು ಮೊದಲಿನಿಂದಲೂ ಕಟ್ಟುನಿಟ್ಟು ಮಾಡಿದವರು ತಾವೇ ಅಂತೆ.