ಬೀಗರಿಗೆ ಕೊಟ್ಟ ಸೊಂಟಮಟ್ಟದ ನೀರು

ಬಾಯಾರಿದವನ ತಂಬಿಗೆಗೂ ಮೀಯುವವನ ತಲೆಗೂ ಭೇದವೆಣಿಸದೆ ಒದಗುವ ನೀರನ್ನು ಕರುಣಿಸಿದ ಪರಶಿವನಿಗೆ ಮೊದಲು ಶರಣು. ಆ ನೀರನ್ನೇ ಮಲಪ್ರಭೆಯಾಗಿ ಖಾನಾಪುರದ ಮಗ್ಗುಲಲ್ಲಿ ಹರಿಸಿ, ನನ್ನ ಮಗಳನ್ನು ಅಲ್ಲಿಯ ಮನೆಯೊಂದಕ್ಕೆ ಸೊಸೆಯಾಗಿ ಸೇರಿಸಿದ್ದಕ್ಕೆ ಇನ್ನೊಂದು ಶರಣು. ಕೃತಜ್ಞತೆಯನ್ನು ಹೀಗೆ ಮೊದಲೇ ಸಲ್ಲಿಸಿಬಿಡುವುದು ಕ್ಷೇಮ. ಮುಂದಿನ ಸಂಗತಿಯಲ್ಲಿ ಅದಕ್ಕೆ ಆಸ್ಪದ ಕಡಿಮೆ.

ಅತಿಥಿಸತ್ಕಾರದಲ್ಲಿ ಒಂದು ತೊಡಕಿದೆ. ಸತ್ಕರಿಸುವವನು ತನಗೆ ಯಾವುದು ಸುಖವೋ ಅದನ್ನೇ ಅತಿಥಿಗೂ ಕೊಡುತ್ತಾನೆ. ಒರಗಿ ಕೂರಲು ನನ್ನ ಬೆನ್ನಿಗೆ ಲೋಡು ಬೇಕು. ಆದ್ದರಿಂದ ಶಿವಬಸವ ನಗರದ ನಮ್ಮ ಮನೆಗೆ ಬಂದವರೆಲ್ಲರ ಬೆನ್ನಿಗೂ ಲೋಡು, ಅವರು ಬೇಡವೆಂದರೂ. ಇನ್ನು ನೀರಿನ ವಿಷಯದಲ್ಲಿ ನನಗೆ ಈಜು ಬಾರದು. ಗಂಗೆಯನ್ನು ಸ್ತುತಿಸುವ ಶ್ಲೋಕಗಳು ಬರುತ್ತವೆ. ಅವನ್ನು ದಂಡೆಯ ಮೇಲೆ ಕುಳಿತೇ ಹೇಳಬಹುದು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಬೇಸಿಗೆಯಲ್ಲಿ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಬೀಗರಾದ ಬಾಳಪ್ಪನವರು ನಮ್ಮಲ್ಲಿಗೆ ಬಂದಿದ್ದರು. ಹೊಳೆಯ ಮಡುವಿನಲ್ಲಿ ಅವರನ್ನು ಹಿಂದಿಕ್ಕಿದವರು ಖಾನಾಪುರದಲ್ಲಿ ಇರಲಿಲ್ಲ. ನನ್ನ ತಮ್ಮ ಚನ್ನಪ್ಪನಾದರೋ ನಮ್ಮೂರಿನ ಹೊಸ ಈಜುಗೊಳಕ್ಕೆ ನಿತ್ಯ ಬೆಳಿಗ್ಗೆ ಹೋಗುವವನು. ಹೋಳಿಗೆ ಊಟ ಮುಗಿದು ಎಲೆ ಅಡಿಕೆ ಮೆಲ್ಲುತ್ತ ತೊಟ್ಟಿಲ ಸುತ್ತ ಕುಳಿತಿದ್ದಾಗ ಅವನು ಕೆಣಕಿದ: "ಬೀಗರ, ಹೊಳ್ಯಾಗ ನೀರs ಮಂದೀನ ದೂಡಿಕೊಂಡ ಹೋಗ್ತೈತ್ರಿ. ನಿಂತ ನೀರಾಗ ಈಜಿ ತೋರಸ್ರಿ ನೋಡೂಣು."

ಬಾಳಪ್ಪನವರು ಕೂಸಿನ ತೊಟ್ಟಿಲನ್ನು ಒಮ್ಮೆ ತೂಗಿ ಹೇಳಿದರು: "ನಿಮ್ಮ ಕೈಯಾಗ ಸೋತ್ರ, ಇನ್ನ ಈಜೂದs ಬಿಟ್ಟೆ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ಈಜುಗೊಳದ ಒಂದು ಮಗ್ಗುಲು ಕಲಿಯುವವರಿಗಾಗಿ ಉದ್ದಕ್ಕೂ ಸೊಂಟಮಟ್ಟ, ಇನ್ನೊಂದು ಮಗ್ಗುಲು ಎರಡಾಳು ಆಳ. ಮರುದಿನ ಬೆಳಿಗ್ಗೆ ಯಾರು ಎಲ್ಲಿ ಈಜಬೇಕೆಂದು ಗೊತ್ತುಮಾಡುವ ಹಿರಿತನ ನನ್ನ ಪಾಲಿಗೆ ಬಂತು. ಬೀಗರಿಗೆ ಉತ್ತಮವಾದದ್ದೇ ಸಲ್ಲಬೇಕಲ್ಲವೇ? ಮಾವನವರ ಮೊಳಕಾಲು ಹಿಡಿಯುತ್ತದೆ, ಜೋಪಾನ ಎಂದು ಮಗಳೂ ಹೇಳಿ ಕಳಿಸಿದ್ದಳು. ಸೊಂಟಮಟ್ಟದ ಮಗ್ಗುಲನ್ನು ಅವರಿಗೆ ಕೊಟ್ಟು, ಆಳದ ಅಪಾಯವನ್ನು ನಮ್ಮ ಮನೆಯವನಿಗೇ ಇಟ್ಟುಕೊಂಡೆ. ಅವರು ನನ್ನ ಮುಖ ನೋಡಿದರು. ಮರ್ಯಾದಸ್ಥರು, ಲೋಡನ್ನು ಒಪ್ಪಿಕೊಂಡಂತೆ ಅದನ್ನೂ ಒಪ್ಪಿಕೊಂಡರು.

ಆಚೆಯ ಗೋಡೆಯನ್ನು ಚನ್ನಪ್ಪನ ಕೈ ಮೊದಲು ಮುಟ್ಟಿತು. ಬಾಳಪ್ಪನವರು ಒಂದು ತೋಳಿನಷ್ಟು ಹಿಂದಿದ್ದರು. ಏದುಸಿರು ಬಿಡುತ್ತ ಹತ್ತಿ ಬಂದು, "ಬೀಗರ, ನಾ ಎಬ್ಬಿಸಿದ ತೆರಿ ತಳಕ್ಕ ಬಡದು ಹೊಳ್ಳಿ ನನ್ನ ಎದಿಗೇ ಬಂತರೀ," ಎಂದರು. ಸೋತವರ ಸಮಾಧಾನವಿರಬೇಕೆಂದು ಭಾವಿಸಿ, ವಯಸ್ಸು ಯಾರನ್ನೂ ಬಿಡದೆಂದು ನಾನು ಸಂತೈಸಿದೆ. ಅವರು ನನಗಿಂತ ಚಿಕ್ಕವರೆಂಬುದು ಆಗ ನೆನಪಾಗಲಿಲ್ಲ.

ಮಳೆಗಾಲ ಕಳೆದ ಮೇಲೆ, ಆಳದ ಮಗ್ಗುಲಲ್ಲಿ ಗದ್ದಲವಿದ್ದ ಒಂದು ದಿನ ಚನ್ನಪ್ಪ ಸೊಂಟಮಟ್ಟದ ನೀರಿನಲ್ಲಿ ಈಜಿ ಬಂದ. ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೋಗುವುದನ್ನೂ ಮರೆತು ಕಟ್ಟೆಯ ಮೇಲೆ ಕುಳಿತ. "ಅಣ್ಣಾ, ಆ ಬಾಜೂದ ನೀರು ಮುಂದ ಹೋಗಾಕ ಬಿಡವಲ್ದು. ಅವತ್ತ ಗೆದ್ದಾಂವ ನಾ ಅಲ್ಲ, ನನ್ನ ಬಾಜು," ಎಂದ.

ಇಬ್ಬರೂ ಬಸ್ಸು ಹಿಡಿದು ಖಾನಾಪುರಕ್ಕೆ ಹೋದೆವು. ಬಾಳಪ್ಪನವರು ಹೊಳೆಯ ಮೆಟ್ಟಿಲ ಮೇಲೆ ಕುಳಿತು ತಂಬಿಗೆಯಿಂದ ಮೈಮೇಲೆ ನೀರು ಹೊಯ್ದುಕೊಳ್ಳುತ್ತಿದ್ದರು. ಮಡು ಎದುರಿಗೇ ಇತ್ತು. ಚನ್ನಪ್ಪ ಕೈಮುಗಿದು ಎಲ್ಲವನ್ನೂ ಹೇಳಿ, ಇನ್ನೊಮ್ಮೆ ಈಜೋಣವೆಂದು ಬೇಡಿಕೊಂಡ.

"ಖರೇ ಐತ್ರಿ, ಅವತ್ತs ನನಗ ತಿಳದಿತ್ತು," ಎಂದು ನಕ್ಕರು ಬಾಳಪ್ಪನವರು. "ಆದ್ರ ಈಜೂದ ಬಿಟ್ಟೆ ಅಂದ ಮಾತು ನೀರಿನ ಮುಂದ ಆಡಿದ್ದಲ್ಲ, ಮೊಮ್ಮಗನ ತೊಟ್ಟಲ ಮುಂದ ಆಡಿದ್ದು."

ಅವರೇ ತಮ್ಮನನ್ನು ಮಡುವಿಗೆ ಕಳಿಸಿ, ಕೈ ಇನ್ನಷ್ಟು ಚಾಚಬೇಕೆಂದು ದಂಡೆಯಿಂದ ಹೇಳಿಕೊಡತೊಡಗಿದರು. ಹೇಳುವಾಗ ಅವರ ಹೆಗಲು ತಾನಾಗಿ ಅಲುಗುತ್ತಿತ್ತು. ನಾನು ನಿಂತೇ ಇರುವುದನ್ನು ಕಂಡು ತಂಬಿಗೆ ನೀಡಿದರು: "ಬರ್ರಿ ಬೀಗರ, ಇಲ್ಲಿ ಕುಂದರ್ರಿ. ಆಳ ಇಲ್ಲ, ಆರಾಮ ಆಕೈತಿ."

ಹಿಮ್ಮಡಿ ಮುಳುಗುವಷ್ಟು ನೀರಿನಲ್ಲಿ ಕುಳಿತು ಮಿಂದೆ. ನನಗೆ ತಕ್ಕ ಆಳವನ್ನು ಅವರು ಒಂದೇ ನೋಟಕ್ಕೆ ಅಳೆದಿದ್ದರು. ಗೆದ್ದು ನೊಂದ ತಮ್ಮನಿಗೆ ಒಳ್ಳೆಯದಾಗಲಿ. ಸೋತು ಮಾತು ಉಳಿಸಿಕೊಂಡ ಬೀಗರಿಗೆ ಆಯುರಾರೋಗ್ಯ ಸಿದ್ಧಿಸಲಿ. ಏನೂ ಅರಿಯದೆ ಸಾಕ್ಷಿಯಾದ ಕೂಸು ಅಜ್ಜನಂತೆ ಈಜಲಿ. ನನ್ನ ಮನೆಗೆ ಇನ್ನು ಮುಂದೆ ಬರುವ ಅತಿಥಿಗಳನ್ನು ನನ್ನ ಸತ್ಕಾರದಿಂದ ಶಿವನೇ ಕಾಪಾಡಲಿ.