ಗವಿಸಿದ್ದಪ್ಪನ ಹಸಿ ಮುಖ

ಕುಷ್ಟಗಿಯಲ್ಲಿ ಮನೆಯ ಮುಂದಿನ ಕೋಣೆಯನ್ನೇ ಫೋಟೊ ಸ್ಟುಡಿಯೋ ಮಾಡಿಕೊಂಡಿದ್ದ ಗವಿಸಿದ್ದಪ್ಪನಿಗೆ ಸಿಟ್ಟು ಬರದ ವಿಷಯವೇ ಇರಲಿಲ್ಲ. ಅದರಲ್ಲೂ "ಸ್ವಲ್ಪ ಬೆಳ್ಳಗ ಮಾಡ್ರಿ" ಎಂಬ ಮಾತು ಕಿವಿಗೆ ಬಿದ್ದರೆ ಅವನ ನೆತ್ತಿಯ ಮೇಲೆ ರೊಟ್ಟಿ ಸುಡಬಹುದಿತ್ತು. ವರ್ಷಗಟ್ಟಲೆ ಮದುಮಕ್ಕಳ ಮುಖಕ್ಕೆ ಕಂಪ್ಯೂಟರಿನಲ್ಲಿ ಸುಣ್ಣ ಬಳಿದು ಬಳಿದು ರೋಸಿಹೋಗಿದ್ದ. ಹೊಸ ಕ್ಯಾಮೆರಾ ತಂದ ದಿನವೇ ಸಾರಿಬಿಟ್ಟ:

"ಇನ್ನ ಮ್ಯಾಲ ಎಲ್ಲಾ ರಾ ಫೈಲ್! ಕ್ಯಾಮೆರಾ ಕಂಡದ್ದು ಕಂಡಂಗ, ಹಸೀದು. ಮ್ಯಾಲ ಏನರ ಬಳೀರಿ, ಒಳಗಿನ ಖರೇ ಮುಖ ಅಳಿಯಂಗಿಲ್ಲ!"

(ಶಾಲೆಗೆ ಏಳನೇ ಇಯತ್ತೆಯಲ್ಲೇ ಶರಣು ಹೊಡೆದಿದ್ದ ಅವನಿಗೆ ಕಂಪ್ಯೂಟರಿನ ಗುಂಡಿಗಳ ಹೆಸರು ಗೊತ್ತಿರಲಿಲ್ಲ. ಎಡಗಡೆಯದು, ಬಲಗಡೆಯದು, ಒತ್ತಬಾರದ್ದು, ಇಷ್ಟೇ.)

ಈ ಮಹಾವ್ರತಕ್ಕೆ ಮೊದಲು ಅಡ್ಡ ಬಂದವಳು ಹೆಂಡತಿ ರೇಣುಕಾದೇವಿ.

"ತಂಗಿ ಮಗಳ ಫೋಟೊ ತಾವರಗೇರಾದ ವರನ ಕಡೆಯವರಿಗೆ ಕಳಸೋದೈತ್ರಿ. ರಂಜಿತಾನ ಮುಖ ಒಂಚೂರು ತಿಳಿ ಮಾಡ್ರಿ."

"ಆಗಂಗಿಲ್ಲ."

"ಊರ ಮಂದಿಗೆಲ್ಲಾ ಮಾಡೀರಿ. ನಮ್ಮ ತವರಮನಿ ಅಂದಕೂಡ್ಲೇ ಧರ್ಮ ನೆನಪಾತೇನು?"

"ಏ, ಹುಡುಗಿ ಎರಿ ಹೊಲದಂಗ ಕರ್ರಗ ಲಕಲಕ ಅದಾಳ! ಅವರು ನೋಡಾಕ ಬಂದು ಕೂತಾಗ ಆಕೀ ಕೊರಳಿಗೆ ಕಂಪ್ಯೂಟರ್ ಕಟ್ಟತೀಯೇನು?"

"ಇರ್ಲಿ ಬಿಡ ದೊಡ್ಡವ್ವ, ನಾ ಇದ್ದಂಗ ಹೋಗ್ಲಿ," ಎಂದು ಪಕ್ಕದಲ್ಲೇ ನಿಂತಿದ್ದ ರಂಜಿತಾ ನಕ್ಕಳು.

ಫೋಟೊ ಇದ್ದಂತೆಯೇ ಹೋಯಿತು. ರೇಣುಕಾದೇವಿ ಗಂಡನ ಜೊತೆ ಮಾತು ಬಿಟ್ಟಳು. ಪಲ್ಯಕ್ಕೆ ಉಪ್ಪು ಹಾಕುವುದನ್ನೂ ಬಿಟ್ಟಳು. ಗವಿಸಿದ್ದಪ್ಪ ಸಪ್ಪೆ ಪಲ್ಯವನ್ನೇ ಗೆದ್ದ ಸರದಾರನಂತೆ ಉಂಡ.

ಅದೇ ವಾರ ತಾಲೂಕಿನ ಫೋಟೊಗ್ರಾಫರ್ ಸಂಘ ಅವನನ್ನು ಅಧ್ಯಕ್ಷನನ್ನಾಗಿ ಆರಿಸಿತು. ಹೊಸ ಅಧ್ಯಕ್ಷನ ದೊಡ್ಡ ಬ್ಯಾನರು ಬಸ್‌ಸ್ಟ್ಯಾಂಡಿನ ಎದುರು ಏರುವುದು ಸಂಘದ ಪದ್ಧತಿ. ಅವನದೇ ಕ್ಯಾಮೆರಾದಲ್ಲಿ ರಂಜಿತಾ ಫೋಟೊ ಹೊಡೆದುಕೊಟ್ಟಳು. ರಾ ಫೈಲೇ.

ಪರದೆಯ ಮೇಲೆ ಅದನ್ನು ತೆರೆದ ಗವಿಸಿದ್ದಪ್ಪ ಕುರ್ಚಿಯನ್ನು ಹಿಂದಕ್ಕೆ ಸರಿಸಿದ. ಕಣ್ಣ ಕೆಳಗೆ ಒಂದೊಂದು ಜೋಳದ ಚೀಲ. ಮೀಸೆ ಒಲೆಯಿಂದ ಬಳಿದು ತಂದ ಬೂದಿ. ಜನ್ಮದ ಸಿಟ್ಟೆಲ್ಲ ಹಣೆಯ ಮೇಲೆ ಗೆರೆ ಗೆರೆಯಾಗಿ ಎದ್ದಿತ್ತು.

"ಇದು ಬೆಳಕಿನ ತಪ್ಪು," ಎಂದು ತೀರ್ಪು ಕೊಟ್ಟು ಬಾಗಿಲಿಗೆ ಚಿಲಕ ಹಾಕಿದ. ಸುಣ್ಣ ಬಳಿಯುವುದೇ ಬೇರೆ, ಬೆಳಕಿಗೆ ನ್ಯಾಯ ಒದಗಿಸುವುದೇ ಬೇರೆ! ನ್ಯಾಯ ಒದಗಿಸುತ್ತ ಒದಗಿಸುತ್ತ ಮೀಸೆ ಕಾಡಿಗೆಯಾಯಿತು, ಹಣೆ ನುಣ್ಣಗಾಯಿತು, ಗಲ್ಲ ಹಾಲುಗಲ್ಲವಾಯಿತು. ಅಷ್ಟರಲ್ಲಿ ಹೊರಗೆ ಚಹದ ಲೋಟದಿಂದ ಟಕಟಕ ಬಾಗಿಲು ಬಡಿದ ಸದ್ದು. (ಮಾತು ಬಿಟ್ಟಿದ್ದಳಲ್ಲ, ಲೋಟವೇ ಮಾತಾಡಬೇಕು.) ಗಾಬರಿಯಲ್ಲಿ ಗವಿಸಿದ್ದಪ್ಪ ಕೈಗೆ ಸಿಕ್ಕ ಫೈಲನ್ನು ಪೆನ್‌ಡ್ರೈವಿಗೆ ತುಂಬಿ, ಪರದೆ ಆರಿಸಿ, ಬ್ಯಾನರ್ ಅಂಗಡಿಯ ಗಾಳೇಶನ ಕಡೆ ಓಡಿದ.

ಮರುದಿನ ಬಸ್‌ಸ್ಟ್ಯಾಂಡಿನ ಎದುರು ಎತ್ತಿನಗಾಡಿಯಷ್ಟು ಅಗಲಕ್ಕೆ ಹರಡಿಕೊಂಡಿತ್ತು ಅಧ್ಯಕ್ಷನ ಮುಖ. ಜೋಳದ ಚೀಲ, ಬೂದಿ ಮೀಸೆ, ಹಣೆಗೆರೆ, ಒಂದೂ ಬಿಟ್ಟಿರಲಿಲ್ಲ.

"ಲೇ ಗಾಳೇಶ! ಏನ ಮಾಡಿಟ್ಟೀಲೇ ಇದು?"

"ನೀವು ಕೊಟ್ಟದ್ದ ಹಾಕೀನಣ್ಣಾ. ರಾ ಫೈಲ್ ತಂದ್ರಿ. ತಿದ್ದಿದ್ದು ನಿಮ್ಮ ಕಂಪ್ಯೂಟರ್‌ನಾಗ ಉಳದಿರತೈತಿ, ಇದರಾಗ ಬರಂಗಿಲ್ಲ. ಯಾಕ, ಏನರ ತಿದ್ದಿದ್ರೇನು?"

ಸುತ್ತ ಜನ ನಿಂತಿದ್ದರು. ಸಂಘದವರೂ ಹೂವಿನ ಹಾರ ಹಿಡಿದು ನಿಂತಿದ್ದರು. ಗವಿಸಿದ್ದಪ್ಪ ಎದೆ ಸೆಟೆಸಿದ.

"ನಾನ್ಯಾಕ ತಿದ್ದಲಿ? ಹಿಂಗ ಹಾಕು ಅಂತ ನಾನ ಹೇಳೀನಿ! ಅಧ್ಯಕ್ಷ ಆದಾಂವ ಇದ್ದಂಗ ಇರಬೇಕು!"

ಚಪ್ಪಾಳೆ ಬಿತ್ತು. ಹಾರ ಹಾಕಿಕೊಂಡು, ಸೋಲನ್ನು ಮೀಸೆಯೊಳಗೇ ಅಡಗಿಸಿ, ಮನೆಗೆ ಬಂದ.

ಸ್ಟುಡಿಯೋದಲ್ಲಿ ಕಂಪ್ಯೂಟರು ಬೆಳಗುತ್ತಿತ್ತು. ಅದರ ಮುಂದೆ ರೇಣುಕಾದೇವಿ, ಪಕ್ಕದಲ್ಲಿ ಬಾಯಿಗೆ ಸೆರಗು ಒತ್ತಿಕೊಂಡ ರಂಜಿತಾ. ಪರದೆಯ ತುಂಬ ಕಾಡಿಗೆ ಮೀಸೆ, ಹಾಲುಗಲ್ಲ.

ಅಷ್ಟು ದಿನದ ಮೇಲೆ ರೇಣುಕಾದೇವಿ ಬಾಯಿ ಬಿಟ್ಟಳು.

"ಏನ್ರೀ, ಈ ವರ ಯಾವ ಊರಾಂವ? ಬೆಳ್ಳಗ ಚೊಲೋ ಅದಾನ. ತಾವರಗೇರಾದವರು ಒಲ್ಲೆ ಅಂದ್ರ ನಮ್ಮ ರಂಜಿತಾಗ ಇವನ್ನ ಕೇಳೂಣೇನು?"

ಗವಿಸಿದ್ದಪ್ಪ ಕೊರಳ ಹಾರ ಕಿತ್ತು ಕುರ್ಚಿಯ ಮೇಲೆ ಒಗೆದ.

"ಅವಗ ಮದಿವಿ ಆಗೇತಿ!" ಎಂದು ಓಣಿಗೆಲ್ಲ ಕೇಳುವಂತೆ ಗುಡುಗಿದ. "ಅದಕ್ಕ ಅವನ ಖರೇ ಮುಖ ಹಂಗಾಗೇತಿ!"